ಕರೆಂಟು, ಗುಳಿಗೆ, ಉಸಿರು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಯಾರಾದರೂ ದನಿ ತಗ್ಗಿಸಿ "ಅವರನ್ನ ಧಾರವಾಡಕ್ಕ ಒಯ್ದಾರಂತ" ಅಂದರೆ ಮುಂದೆ ವಿವರಣೆ ಬೇಕಾಗುವುದಿಲ್ಲ. ಬೇರೆ ಹೊತ್ತಿನಲ್ಲಿ ಧಾರವಾಡ ಅಂದರೆ ಕಾಲೇಜು, ಪೇಢೆ, ಬೇಂದ್ರೆ. ಈ ಒಂದು ಮಾತಿನಲ್ಲಿ ಮಾತ್ರ ಅದು ಹುಚ್ಚಾಸ್ಪತ್ರೆ. 1845ರಷ್ಟು ಹಿಂದೆ ಶುರುವಾದ ಆ ಆಸ್ಪತ್ರೆ, ಬೆಳಗಾವಿ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಿಂದಲೂ ಈ ಭಾಗದ ಜನರಿಗೆ ಕೊನೆಯ ದಾರಿ. ಈಗ ಅದಕ್ಕೆ ಡಿಮ್ಹಾನ್ಸ್ ಎಂಬ ಹೊಸ ಹೆಸರು, ಹೊಸ ಕಟ್ಟಡ ಬಂದಿವೆ. ಹಳೆಯ ಭಯ ಮಾತ್ರ ಹೋಗಿಲ್ಲ. "ಅಲ್ಲಿ ತಲೀಗೆ ಕರೆಂಟ್ ಹಿಡಸ್ತಾರಂತ" ಎಂಬ ಇನ್ನೊಂದು ಮಾತು ಮೊದಲ ಮಾತಿನ ಬೆನ್ನಿಗೇ ಬರುತ್ತದೆ.

ಈ ಭಯ ದೊಡ್ಡ ತೀರ್ಮಾನಗಳನ್ನು ಮಾಡಿಸುತ್ತದೆ. ಊಟ ಬಿಟ್ಟು, ಮಾತು ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ ಸೊಸೆಯನ್ನು ಮೊದಲು ದೇವರ ಹತ್ತಿರ ಒಯ್ಯುತ್ತಾರೆ, ಆಮೇಲೆ ದರ್ಗಾಕ್ಕೆ, ಆಮೇಲೆ ಊರಿನ ಡಾಕ್ಟರ ಬಳಿಗೆ. ಯಾರೋ ಯೋಗ ಮಾಡಿಸಿ ಅನ್ನುತ್ತಾರೆ. ಗುಳಿಗೆ ತಗೊಂಡರೆ ಜೀವನಪೂರ್ತಿ ಬಿಡೋಕಾಗಲ್ಲ ಅಂತ ಇನ್ಯಾರೋ ಹೆದರಿಸುತ್ತಾರೆ. ಕರೆಂಟಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಈ ನಡುವೆ ತಿಂಗಳುಗಳು ಕಳೆದಿರುತ್ತವೆ. ತೀವ್ರ ಖಿನ್ನತೆಯಲ್ಲಿ ತಿಂಗಳು ಕಳೆಯುವುದೆಂದರೆ ಎಷ್ಟೋ ಸಲ ಜೀವ ಕಳೆಯುವುದೇ.

ಯಾವುದಕ್ಕೆ ಹೆದರಬೇಕು, ಯಾವುದನ್ನು ನಂಬಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಒಂದು ದಾರಿ ಇದೆ. ಹೆದರುವುದನ್ನೂ ಪೂಜಿಸುವುದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದೇ ಅಳತೆಗೋಲಿನಿಂದ ಅಳೆಯುವುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಾಲ್ಕು ದಶಕ ಈ ಕೆಲಸ ಮಾಡಿದ ಮನೋವೈದ್ಯ ಡಾ. ಬಿ.ಎನ್. ಗಂಗಾಧರ್. ಮುಂದೆ ಅವರು ಅದೇ ಸಂಸ್ಥೆಯ ನಿರ್ದೇಶಕರಾದರು, 2020ರಲ್ಲಿ ಪದ್ಮಶ್ರೀ ಪಡೆದರು, ರಾಷ್ಟ್ರೀಯ ವೈದ್ಯಕೀಯ ಆಯೋಗದ ಅಧ್ಯಕ್ಷರೂ ಆದರು. ಈ ಲೇಖನ ಅವರ ಹುದ್ದೆಗಳ ಕುರಿತದ್ದಲ್ಲ, ಅವರು ಮತ್ತು ಅವರ ಜೊತೆಗಾರರು ಕೇಳಿದ ಪ್ರಶ್ನೆಗಳ ಕುರಿತದ್ದು.

*

ಮೊದಲು ಕರೆಂಟಿನ ಕಥೆ. 1938ರ ಏಪ್ರಿಲ್‌ನಲ್ಲಿ ರೋಮ್ ನಗರದಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ ಎಂಬ ಇಬ್ಬರು ವೈದ್ಯರು ಮೊದಲ ಬಾರಿ ಒಬ್ಬ ರೋಗಿಯ ತಲೆಯ ಮೂಲಕ ವಿದ್ಯುತ್ ಹಾಯಿಸಿ ಮೂರ್ಛೆ ಬರಿಸಿದರು. ವಿದ್ಯುತ್ತು ಇಲ್ಲಿ ನೆಪ ಮಾತ್ರ, ಚಿಕಿತ್ಸೆ ನಡೆಯುವುದು ಮೂರ್ಛೆಯಿಂದ. ಮಿದುಳಿನಲ್ಲಿ ಅರ್ಧ ನಿಮಿಷದ ಆಸುಪಾಸು ನಡೆಯುವ ಆ ಸೆಳವು, ವಾರಕ್ಕೆ ಕೆಲವು ಸಲದಂತೆ ಆರರಿಂದ ಹನ್ನೆರಡು ಬಾರಿ ಆದಾಗ, ತೀವ್ರ ಖಿನ್ನತೆಯವರು ಎದ್ದು ಕೂತು ಉಣ್ಣತೊಡಗುತ್ತಾರೆ. ಹೇಗೆ ಎಂಬುದಕ್ಕೆ ಪೂರ್ತಿ ಉತ್ತರ ಇಂದಿಗೂ ಇಲ್ಲ.

ಆರಂಭದ ದಿನಗಳಲ್ಲಿ ಅರಿವಳಿಕೆ ಇರಲಿಲ್ಲ. ಸೆಳವಿನ ರಭಸಕ್ಕೆ ಬೆನ್ನೆಲುಬು ಮುರಿದದ್ದೂ ಉಂಟು. ಜಗತ್ತಿನ ಕೆಲವು ಆಸ್ಪತ್ರೆಗಳಲ್ಲಿ ಅದನ್ನು ಚಿಕಿತ್ಸೆಯಾಗಿ ಅಲ್ಲ, ಗದ್ದಲ ಮಾಡುವವರಿಗೆ ಶಿಕ್ಷೆಯಾಗಿ ಬಳಸಿದರು. ಆಮೇಲೆ ಅರಿವಳಿಕೆಯ ಇಂಜೆಕ್ಷನ್, ಸ್ನಾಯು ಸಡಿಲಿಸುವ ಔಷಧ, ಆಮ್ಲಜನಕ ಎಲ್ಲವೂ ಬಂದವು. ರೋಗಿ ನಿದ್ದೆಯಲ್ಲಿರುತ್ತಾನೆ, ಮೈ ಹೆಚ್ಚು ಅಲುಗುವುದಿಲ್ಲ. ಅಷ್ಟರಲ್ಲಿ ಜನರ ಕಣ್ಣಲ್ಲಿ ಹಳೆಯ ಚಿತ್ರ ಅಚ್ಚಾಗಿಬಿಟ್ಟಿತ್ತು. 1975ರ ಹಾಲಿವುಡ್ ಸಿನಿಮಾ 'ಒನ್ ಫ್ಲೂ ಓವರ್ ದ ಕುಕ್ಕೂಸ್ ನೆಸ್ಟ್' ಜಗತ್ತಿಗೆಲ್ಲ ಆ ಚಿತ್ರವನ್ನೇ ತೋರಿಸಿತು. ಕನ್ನಡದಲ್ಲಿ ಅದಕ್ಕೂ ಮೊದಲೇ ತ್ರಿವೇಣಿಯವರ 'ಶರಪಂಜರ' ಬಂದಿತ್ತು, 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದಿದ್ದರು. ಆ ಕಾದಂಬರಿಯ ನೋವು ಆಸ್ಪತ್ರೆಯದ್ದಲ್ಲ, ಮನೆಯದ್ದು. ಗುಣವಾಗಿ ಮರಳಿದ ಹೆಂಗಸನ್ನು ಮನೆಯವರೂ ಊರವರೂ ಗುಣವಾದವಳೆಂದು ಒಪ್ಪುವುದೇ ಇಲ್ಲ. ಚಿಕಿತ್ಸೆ ಎಷ್ಟೇ ಸುಧಾರಿಸಲಿ, ಈ ಒಪ್ಪದಿರುವಿಕೆಗೆ ಅದರಲ್ಲಿ ಮದ್ದಿಲ್ಲ.

ಕರೆಂಟಿನ ಹಿಂದೆಯೇ ಗುಳಿಗೆಗಳು ಬಂದವು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್, ಲಿಥಿಯಂ ಎಂಬ ಸಾಮಾನ್ಯ ಲವಣ ಉನ್ಮಾದದ ರೋಗಿಗಳನ್ನು ಶಾಂತಗೊಳಿಸುತ್ತದೆ ಎಂದು ಬರೆದರು. ಡೆನ್ಮಾರ್ಕಿನ ಮೊಗೆನ್ಸ್ ಶೋ 1954ರಲ್ಲಿ ಅದನ್ನು ಕ್ರಮಬದ್ಧವಾಗಿ ಪರೀಕ್ಷಿಸಿದರು. ಕೆಲವು ಕಾಲ ಆಕಾಶಕ್ಕೇರಿದಂಥ ಹುರುಪು, ಕೆಲವು ಕಾಲ ಪಾತಾಳಕ್ಕಿಳಿದಂಥ ಮಂಕು, ಹೀಗೆ ಎರಡು ತುದಿಗಳ ನಡುವೆ ತೂಗುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ಇವತ್ತಿಗೂ ಮುಖ್ಯ ಔಷಧಗಳಲ್ಲೊಂದು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಂಡ್ ಕೂನ್, ಇಮಿಪ್ರಮಿನ್ ಎಂಬ ಔಷಧ ಖಿನ್ನತೆಯನ್ನು ಕಡಿಮೆ ಮಾಡುತ್ತದೆ ಎಂದು ವರದಿ ಮಾಡಿದರು. ಗುಳಿಗೆ ನುಂಗುವುದು ಸುಲಭ, ನೋಡಲು ಸೌಮ್ಯ. ಹಾಗಾದರೆ ಇನ್ನು ಕರೆಂಟೇಕೆ ಎಂಬ ಪ್ರಶ್ನೆ ಎಲ್ಲ ಕಡೆ ಎದ್ದಿತು.

*

ಈ ಪ್ರಶ್ನೆ ಬೆಂಗಳೂರಿಗೆ ಬಂದಾಗ ಅಲ್ಲಿ ಹೊಸ ಗಾಳಿ ಬೀಸುತ್ತಿತ್ತು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತ್ತು. 1974ರ ಡಿಸೆಂಬರ್‌ನಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನೋವೈದ್ಯ ವಿಭಾಗವನ್ನು ನಡೆಸಿದವರು ಡಾ. ಆರ್.ಎಲ್. ಕಪೂರ್. ಕರಾವಳಿಯ ಕೋಟ ಎಂಬ ಊರಿನಲ್ಲಿ ಮನೆಮನೆಗೆ ಹೋಗಿ ಅಧ್ಯಯನ ಮಾಡಿದವರು ಅವರು. ಬ್ರಿಟಿಷ್ ಮನೋವೈದ್ಯ ಮಾರಿಸ್ ಕಾರ್ಸ್ಟೇರ್ಸ್ ಜೊತೆ ಅವರು ಬರೆದ 'ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ' 1976ರಲ್ಲಿ ಪ್ರಕಟವಾಯಿತು. ಮನಸ್ಸು ಕೆಟ್ಟಾಗ ಆ ಸೀಮೆಯ ಜನ ವೈದ್ಯರು, ಮಂತ್ರವಾದಿ, ಪಾತ್ರಿ, ಇಂಗ್ಲಿಷ್ ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಿದ್ದರು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು ಎಂಬ ಹಟ ಅವರಿಗಿರಲಿಲ್ಲ. ಗೋಕಾಕ ಸೀಮೆಯವರಿಗೆ ಇದು ಹೊಸ ಸಂಗತಿಯಲ್ಲ.

ಜನ ಎಲ್ಲ ಬಾಗಿಲನ್ನೂ ತಟ್ಟುತ್ತಾರೆ ಎಂದು ಕಂಡವರಿಗೆ, ಯಾವ ಬಾಗಿಲ ಹಿಂದೆ ಏನು ಸಿಗುತ್ತದೆ ಎಂದು ಅಳೆಯುವ ಕುತೂಹಲ ಸಹಜ. ಆಗಿನ್ನೂ ಎಳೆಯ ವೈದ್ಯರಾಗಿದ್ದ ಗಂಗಾಧರ್, ಕಪೂರ್ ಮತ್ತು ಡಾ. ಎಸ್. ಕಲ್ಯಾಣಸುಂದರಂ ಸೇರಿ ಬರೆದ ಒಂದು ಪ್ರಬಂಧ 1982ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ'ಯಲ್ಲಿ ಬಂತು. ತೀವ್ರ ಖಿನ್ನತೆಗೆ ಕರೆಂಟು ಮೇಲೋ, ಇಮಿಪ್ರಮಿನ್ ಮೇಲೋ ಎಂಬುದು ಪ್ರಶ್ನೆ.

ಪರೀಕ್ಷೆಯ ರೀತಿ ಗಮನಿಸುವಂಥದ್ದು. ಒಂದು ಗುಂಪಿಗೆ ನಿಜವಾದ ಕರೆಂಟು, ಜೊತೆಗೆ ಔಷಧವಿಲ್ಲದ ಹುಸಿ ಗುಳಿಗೆ. ಇನ್ನೊಂದು ಗುಂಪಿಗೆ ನಿಜವಾದ ಇಮಿಪ್ರಮಿನ್, ಜೊತೆಗೆ ಹುಸಿ ಕರೆಂಟು. ಹುಸಿ ಕರೆಂಟು ಅಂದರೆ ಚಿಕಿತ್ಸೆಯ ಎಲ್ಲ ವಿಧಿ ನಡೆಯುತ್ತದೆ, ವಿದ್ಯುತ್ತು ಮಾತ್ರ ಹಾಯುವುದಿಲ್ಲ. ತನಗೆ ಯಾವುದು ನಿಜ ಯಾವುದು ಹುಸಿ ಎಂದು ರೋಗಿಗೆ ಗೊತ್ತಿಲ್ಲ. ಸುಧಾರಣೆಯನ್ನು ಅಳೆಯುವ ವೈದ್ಯರಿಗೂ ಗೊತ್ತಿಲ್ಲ. ಹೀಗೆ ಎರಡೂ ಕಡೆ ಕಣ್ಣು ಕಟ್ಟಿದರೆ ಆಸೆಯೂ ಭಯವೂ ಲೆಕ್ಕದಲ್ಲಿ ಕೈಯಾಡಿಸಲಾರವು. 1980ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ತಂಡ ನಿಜವಾದ ಕರೆಂಟಿಗೂ ಹುಸಿ ಕರೆಂಟಿಗೂ ಇರುವ ವ್ಯತ್ಯಾಸವನ್ನು ಪರೀಕ್ಷಿಸಿ ವಿವಾದ ಎಬ್ಬಿಸಿತ್ತು. ಅದೇ ಹೊತ್ತಿನಲ್ಲಿ ಬೆಂಗಳೂರಿನ ತಂಡ ಔಷಧವನ್ನೂ ಕಣಕ್ಕಿಳಿಸಿತ್ತು. ಫಲಿತಾಂಶದಲ್ಲಿ ಎರಡೂ ಚಿಕಿತ್ಸೆ ಸರಿಸಮ ನಿಂತವು. ಕರೆಂಟು ಭೂತವಲ್ಲ, ಗುಳಿಗೆಯೂ ಬರೀ ಸಮಾಧಾನವಲ್ಲ ಎಂಬುದು ಅದರ ತಾತ್ಪರ್ಯ.

*

ಇಲ್ಲಿಂದ ಮುಂದೆ ಗಂಗಾಧರ್ ಕೇಳಿದ ಪ್ರಶ್ನೆಗಳು ಮೇಲ್ನೋಟಕ್ಕೆ ಚಿಕ್ಕವು. ವಾರಕ್ಕೆ ಎಷ್ಟು ಸಲ ಕೊಡಬೇಕು? ಅಮೆರಿಕದಲ್ಲಿ ಮೂರು ಸಲ ಕೊಡುವ ರೂಢಿ, ಬ್ರಿಟನ್ನಿನಲ್ಲಿ ಎರಡು ಸಲ. ಎರಡನ್ನೂ ಹೋಲಿಸಿದ ಅಧ್ಯಯನವನ್ನು ಡಾ. ಎನ್. ಜಾನಕಿರಾಮಯ್ಯ, ಸಂಖ್ಯಾಶಾಸ್ತ್ರಜ್ಞ ಡಿ.ಕೆ. ಸುಬ್ಬಕೃಷ್ಣ ಮೊದಲಾದವರ ಜೊತೆ 1993ರಲ್ಲಿ ಪ್ರಕಟಿಸಿದರು. ಎರಡು ಸಲ ಪಡೆದವರೂ ಮೂರು ಸಲ ಪಡೆದವರಂತೆಯೇ ಸುಧಾರಿಸಿದ್ದರು. ಇದು ಪರಿಣತರ ಒಳಜಗಳದಂತೆ ಕಾಣಬಹುದು. ಆದರೆ ಪ್ರತಿ ಸಲವೂ ಅರಿವಳಿಕೆ, ಪ್ರತಿ ಸಲವೂ ಒಂದಿಷ್ಟು ಮರೆವು, ಜೊತೆಗೆ ಬಂದವರಿಗೆ ಒಂದು ದಿನದ ಕೂಲಿ ಖೋತಾ. ವಾರಕ್ಕೆ ಒಂದು ಸಲ ಕಡಿಮೆಯಾದರೂ ಬಡ ಮನೆಗೆ ಅದು ದೊಡ್ಡ ಉಳಿತಾಯ.

ಈ ಚಿಕಿತ್ಸೆಯ ನಿಜವಾದ ತೊಂದರೆ ಮರೆವು. ಚಿಕಿತ್ಸೆಯ ಆಸುಪಾಸಿನ ದಿನಗಳ ನೆನಪು ಮಸುಕಾಗುತ್ತದೆ. ಬಹಳ ಜನರಿಗೆ ವಾರಗಳಲ್ಲಿ ತಿಳಿಯಾಗುತ್ತದೆ, ಕೆಲವರಿಗೆ ಕೆಲವು ನೆನಪು ಮರಳುವುದೇ ಇಲ್ಲ. ಆದ್ದರಿಂದ ಎಷ್ಟು ಕಡಿಮೆಯಲ್ಲಿ ಎಷ್ಟು ಗುಣ ಎಂಬ ಲೆಕ್ಕ ಮುಖ್ಯ. ಸೆಳವಿನ ಹೊತ್ತಿನ ಮಿದುಳಿನ ಅಲೆಗಳನ್ನು ದಾಖಲಿಸಿ, ಅವುಗಳ ಏರುಪೇರನ್ನು 'ಫ್ರಾಕ್ಟಲ್' ಎಂಬ ಗಣಿತದಿಂದ ಅಳೆದ ಅಧ್ಯಯನವೊಂದು 1999ರಲ್ಲಿ ಬಂತು. ಮೊದಲ ಸೆಳವು ನಿಂತ ನಂತರದ ಅಲೆಗಳನ್ನು ನೋಡಿ, ಎರಡು ವಾರದಲ್ಲಿ ಯಾರು ಸುಧಾರಿಸಬಹುದು ಎಂದು ಮುಂದಾಗಿ ಊಹಿಸಲು ಸಾಧ್ಯವೇ ಎಂಬ ಹುಡುಕಾಟ ಅದು.

ಬೈಪೋಲಾರ್ ಕಾಯಿಲೆಯ ಇನ್ನೊಂದು ತುದಿಯಾದ ಉನ್ಮಾದವನ್ನೂ ಈ ತಂಡ ಬಿಡಲಿಲ್ಲ. ದಿನಗಟ್ಟಲೆ ನಿದ್ದೆಯಿಲ್ಲದೆ, ಹೊಲ ಮಾರಿ ಕಾರ್ಖಾನೆ ಕಟ್ಟುತ್ತೇನೆ ಎಂದು ಓಡಾಡುವ ಮನುಷ್ಯನನ್ನು ಊರು ಮೊದಲು ಹುರುಪಿನವನೆಂದೇ ತಿಳಿಯುತ್ತದೆ. ಸಾಲದ ಪತ್ರಗಳು ಬಂದಾಗ ಮಾತ್ರ ಅದು ಕಾಯಿಲೆ. ಔಷಧಕ್ಕೆ ಬಗ್ಗದ ಉನ್ಮಾದಕ್ಕೂ ಕರೆಂಟು ಕೊಡುವುದುಂಟು. ವಿದ್ಯುತ್ ಹಾಯಿಸುವ ಪಟ್ಟಿಗಳನ್ನು ಎರಡು ಕಪೋಲಗಳ ಬಳಿ ಇಡುವುದು ಹಳೆಯ ಕ್ರಮ, ಹಣೆಯ ಮೇಲೆ ಇಡುವುದು ಹೊಸದು. ರಶ್ಮಿ ಹಿರೇಮನಿ, ಜಗದೀಶ ತೀರ್ಥಹಳ್ಳಿ ಮೊದಲಾದವರ ಜೊತೆ ಗಂಗಾಧರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಉನ್ಮಾದದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಲಾಗಿತ್ತು. ಹಣೆಯ ಮೇಲೆ ಇಟ್ಟ ಗುಂಪು ಬೇಗ ಶಾಂತವಾಯಿತು. ಕೆಲವು ಬೆರಳಗಲ ಜಾಗ ಬದಲಿಸಿದರೆ ಮನುಷ್ಯ ಮನೆಗೆ ಮರಳುವ ದಿನ ಬದಲಾಗಬಹುದು.

*

ಈಗ ಉಸಿರಿನ ಮಾತು. ಯೋಗದ ಬಗ್ಗೆ ನಮ್ಮಲ್ಲಿ ಎರಡೇ ನಿಲುವು. ಒಂದೋ ಅದು ಎಲ್ಲ ರೋಗಕ್ಕೂ ಮದ್ದು, ಇಲ್ಲವೇ ಅದು ಬರೀ ನಂಬಿಕೆ. ಪರೀಕ್ಷೆಗೆ ಒಡ್ಡುವ ಗೋಜಿಗೆ ಎರಡೂ ಕಡೆಯವರು ಹೋಗುವುದಿಲ್ಲ. ನಿಮ್ಹಾನ್ಸ್‌ನಲ್ಲಿ ಜಾನಕಿರಾಮಯ್ಯ ಮತ್ತು ಗಂಗಾಧರ್ ತಂಡ ಆ ಗೋಜಿಗೆ ಹೋಯಿತು. ಆರ್ಟ್ ಆಫ್ ಲಿವಿಂಗ್ ಸಂಸ್ಥೆ ಕಲಿಸುವ ಸುದರ್ಶನ ಕ್ರಿಯೆ ಎಂಬ ಲಯಬದ್ಧ ಉಸಿರಾಟವನ್ನು ತೆಗೆದುಕೊಂಡು, ಮೊದಲು ಸೌಮ್ಯ ರೂಪದ ದೀರ್ಘಕಾಲದ ಖಿನ್ನತೆಯಲ್ಲಿ, ಆಮೇಲೆ ಆಸ್ಪತ್ರೆಯಲ್ಲಿ ದಾಖಲಾದ ತೀವ್ರ ಖಿನ್ನತೆಯಲ್ಲಿ ಪರೀಕ್ಷಿಸಿದರು.

ಎರಡನೆಯ ಅಧ್ಯಯನ 2000ದಲ್ಲಿ ಪ್ರಕಟವಾಯಿತು. 45 ರೋಗಿಗಳು, ಮೂರು ಗುಂಪು, ಒಂದೊಂದರಲ್ಲಿ 15 ಜನ. ಒಂದಕ್ಕೆ ಕರೆಂಟು, ಒಂದಕ್ಕೆ ಇಮಿಪ್ರಮಿನ್, ಒಂದಕ್ಕೆ ಉಸಿರಾಟ ಮಾತ್ರ. ನಾಲ್ಕು ವಾರದ ನಂತರ ಎಲ್ಲರನ್ನೂ ಖಿನ್ನತೆಯ ಒಂದೇ ಅಳತೆಪಟ್ಟಿಯಿಂದ ಅಳೆದರು. ಪೂರ್ತಿ ಚೇತರಿಸಿಕೊಂಡವರು ಕರೆಂಟಿನ ಗುಂಪಿನಲ್ಲಿ ಶೇ. 93, ಗುಳಿಗೆಯದರಲ್ಲಿ ಶೇ. 73, ಉಸಿರಿನದರಲ್ಲಿ ಶೇ. 67. ಜನರ ಲೆಕ್ಕದಲ್ಲಿ ಹೇಳುವುದಾದರೆ 15ರಲ್ಲಿ 14, 11 ಮತ್ತು 10.

ಈ ಮೂರು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಯೋಗವನ್ನು ಪ್ರೀತಿಸುವವರು 11 ಮತ್ತು 10ನ್ನು ಪಕ್ಕಪಕ್ಕ ಇಟ್ಟು, ಉಸಿರಾಟ ಗುಳಿಗೆಗೆ ಸಮ ಎನ್ನಬಹುದು. ಹಾಗೆಂದರೆ ತಪ್ಪಿಲ್ಲ, ಆದರೆ 14 ಕಣ್ಣಿಂದ ಮರೆಯಾಗುತ್ತದೆ. ಕರೆಂಟನ್ನು ನಂಬುವವರು 14ನ್ನು ಎತ್ತಿ ಹಿಡಿಯಬಹುದು, ಆಗ ಬರೀ ಉಸಿರಿನಿಂದ ಎದ್ದು ಕೂತ 10 ಜನ ಮರೆಯಾಗುತ್ತಾರೆ. ಸಂಶೋಧಕರು ಎರಡನ್ನೂ ಹೇಳಿದರು. ಉಸಿರಾಟ ಕರೆಂಟಿಗಿಂತ ಕಡಿಮೆ, ಆದರೂ ಔಷಧಕ್ಕೆ ಬದಲಿಯಾಗಬಲ್ಲ ಸಾಧ್ಯತೆ ಅದಕ್ಕಿದೆ ಎಂದರು. ತಮ್ಮ ಪರೀಕ್ಷೆಯ ಮಿತಿಯನ್ನೂ ಮುಚ್ಚಿಡಲಿಲ್ಲ. 1982ರ ಹಾಗೆ ಇಲ್ಲಿ ಕಣ್ಣು ಕಟ್ಟಲು ಬರುವುದಿಲ್ಲ. ತಾನು ಉಸಿರಾಟ ಮಾಡುತ್ತಿದ್ದೇನೆ ಎಂದು ಮಾಡುವವನಿಗೆ ಗೊತ್ತೇ ಇರುತ್ತದೆ. ಹದಿನೈದು ಜನರ ಗುಂಪು ಚಿಕ್ಕದು ಎಂಬುದನ್ನು ಓದುವ ನಾವೂ ನೆನಪಿಡಬೇಕು.

ಇಂಥ ಹೋಲಿಕೆಯನ್ನು ಸರಕಾರಿ ಸಂಸ್ಥೆ ಮಾಡದಿದ್ದರೆ ಮತ್ತ್ಯಾರು ಮಾಡಿಯಾರು? ಔಷಧ ಕಂಪನಿ ತನ್ನ ಹೊಸ ಗುಳಿಗೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಇಮಿಪ್ರಮಿನ್ ಹಳೆಯದು, ಅಗ್ಗದ್ದು. ಕರೆಂಟಿಗೂ ಉಸಿರಿಗೂ ಪೇಟೆಂಟ್ ಇಲ್ಲ. ಮೂರರಲ್ಲಿ ಯಾವುದು ಗೆದ್ದರೂ ಕಂಪನಿಗಳಿಗೆ ಲಾಭವಿಲ್ಲ. ಉತ್ತರ ಬೇಕಿದ್ದದ್ದು ರೋಗಿಗಳಿಗೆ ಮಾತ್ರ.

ಮುಂದಿನ ವರ್ಷಗಳಲ್ಲೂ ಇದೇ ಬಗೆಯ ಜಾಗ್ರತೆ ಕಾಣುತ್ತದೆ. 2011ರ ಒಂದು ಪ್ರಾಥಮಿಕ ಅಧ್ಯಯನದಲ್ಲಿ ಓಂ ಉಚ್ಚರಿಸುವಾಗ ಮಿದುಳಿನಲ್ಲಿ ಏನಾಗುತ್ತದೆ ಎಂದು ಸ್ಕ್ಯಾನ್ ಮಾಡಿ ನೋಡಿದರು. ಅದಕ್ಕೆ ಹೋಲಿಕೆಯಾಗಿ ಅದೇ ಜನರಿಂದ ಬರೀ 'ಸ್ಸ್ಸ್' ಎಂಬ ಸದ್ದು ಮಾಡಿಸಿದರು. ಓಂಕಾರದ ವೇಳೆ ಭಾವನೆಗಳಿಗೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತ್ತು, 'ಸ್ಸ್ಸ್' ಮಾಡುವಾಗ ಹಾಗಾಗಲಿಲ್ಲ. ಓಂಕಾರದ ಎದುರು ಹಾವು ಬುಸುಗುಟ್ಟಿದಂಥ ಸದ್ದನ್ನು ನಿಲ್ಲಿಸಿದ್ದು ಭಕ್ತರಿಗೆ ವಿಚಿತ್ರ ಅನ್ನಿಸೀತು. ವಿಜ್ಞಾನಕ್ಕೆ ಅದು ಬೇಕೇಬೇಕು, ಇಲ್ಲದಿದ್ದರೆ ಫಲ ಮಂತ್ರದ್ದೋ, ಬರೀ ಉಸಿರು ಬಿಡುವುದರದ್ದೋ ತಿಳಿಯುವುದಿಲ್ಲ. 2013ರಲ್ಲಿ ಬಂದ ಅಧ್ಯಯನಗಳಲ್ಲಿ ಹೊರರೋಗಿಗಳಿಗೆ ಯೋಗ, ಔಷಧ, ಅಥವಾ ಎರಡೂ ಎಂಬ ಆಯ್ಕೆ ಕೊಟ್ಟಿದ್ದರು. ಯೋಗ ಮಾಡಿದವರಲ್ಲಿ ಖಿನ್ನತೆ ಹೆಚ್ಚು ಇಳಿದಿತ್ತು. ಆದರೆ ಚಿಕಿತ್ಸೆಯನ್ನು ಆರಿಸಿಕೊಂಡವರು ರೋಗಿಗಳೇ. ಯೋಗದಲ್ಲಿ ನಂಬಿಕೆ ಇದ್ದವರೇ ಯೋಗಕ್ಕೆ ಬಂದಿರುತ್ತಾರೆ ಎಂಬ ಅನುಮಾನ ಅಲ್ಲಿ ಉಳಿಯುತ್ತದೆ.

*

ಸಂಶೋಧನೆಯ ಜೊತೆಗೆ ಕಾನೂನೂ ಬದಲಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಕರೆಂಟು ಕೊಡುವುದನ್ನು ನಿಷೇಧಿಸಿತು. ಅಪ್ರಾಪ್ತರಿಗೆ ಕೊಡಬೇಕಾದರೆ ಪೋಷಕರ ಒಪ್ಪಿಗೆಯ ಮೇಲೆ ಮಂಡಳಿಯ ಅನುಮತಿಯೂ ಬೇಕು. ಗೋಕಾಕಿನ ಅಜ್ಜಿ ಹೆದರುತ್ತಿದ್ದ ಆ ಹಳೆಯ ಕರೆಂಟು ಈಗ ಕಾನೂನುಬಾಹಿರ. ಅವಳ ಭಯಕ್ಕೆ ಕಾರಣವಿತ್ತು ಎಂದೇ ಇದರ ಅರ್ಥ. ಆ ಕಾರಣವನ್ನು ತೆಗೆದುಹಾಕಿದ ಸುದ್ದಿ ಮಾತ್ರ ಅವಳಿಗೆ ತಲುಪಿಲ್ಲ.

ತಲುಪುವುದೇ ಈಗಿನ ಕಷ್ಟ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇದ್ದವರಲ್ಲಿ ಸುಮಾರು ಶೇ. 85, ಬೈಪೋಲಾರ್ ಇದ್ದವರಲ್ಲಿ ಸುಮಾರು ಶೇ. 70 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕರೆಂಟು, ಗುಳಿಗೆ, ಉಸಿರು ಮೂರರಲ್ಲಿ ಯಾವುದು ಮೇಲು ಎಂದು ತೂಗುವ ಮುನ್ನವೇ ಅವರು ಲೆಕ್ಕದಿಂದ ಹೊರಗೆ. ಇದಕ್ಕೂ ಕರ್ನಾಟಕದಲ್ಲಿ ಉತ್ತರ ಹುಡುಕಿದ ಇತಿಹಾಸವಿದೆ. 1980ರ ದಶಕದಲ್ಲಿ ಡಾ. ಆರ್. ಶ್ರೀನಿವಾಸಮೂರ್ತಿ ಮತ್ತು ಜೊತೆಗಾರರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದರು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಮಾದರಿಯ ಮೇಲೆ. 2014ರಿಂದ ರಾಜ್ಯದ 'ಮನೋಚೈತನ್ಯ' ಯೋಜನೆಯಲ್ಲಿ ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆಯಾಯಿತು.

ತಾಲೂಕಿಗೆ ಏನೇನು ಬರಬೇಕು ಎಂಬುದನ್ನು ಲಿಥಿಯಂ ಒಂದರಿಂದಲೇ ತಿಳಿಯಬಹುದು. ಗುಳಿಗೆ ಅಗ್ಗ. ಆದರೆ ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಕಡಿಮೆಯಾದರೆ ಫಲವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ಆಗಾಗ ರಕ್ತಪರೀಕ್ಷೆ ಬೇಕು, ಮೂತ್ರಪಿಂಡ ಮತ್ತು ಥೈರಾಯ್ಡ್ ನೋಡುತ್ತಿರಬೇಕು. ಬೇಸಿಗೆಯಲ್ಲಿ ಬೆವತು ನೀರು ಕಡಿಮೆಯಾದರೂ ಪ್ರಮಾಣ ಏರಬಹುದು. ಕಬ್ಬಿನ ಗದ್ದೆಯಲ್ಲಿ ಮಾರ್ಚ್ ಬಿಸಿಲಿಗೆ ದುಡಿಯುವವನಿಗೆ ಈ ಮಾತನ್ನು ಅವನದೇ ಕನ್ನಡದಲ್ಲಿ ಹೇಳುವವರು ಹತ್ತಿರದಲ್ಲಿರಬೇಕು. ರಕ್ತ ಪರೀಕ್ಷಿಸುವ ಜಾಗ ಒಂದು ಬಸ್ಸಿನ ದೂರದಲ್ಲಿರಬೇಕು. ಇಲ್ಲದಿದ್ದರೆ ಎಪ್ಪತ್ತು ವರ್ಷದ ವಿಜ್ಞಾನ ಔಷಧದ ಅಂಗಡಿಯ ಕಪಾಟಿನಲ್ಲೇ ಉಳಿಯುತ್ತದೆ.

ಗಂಗಾಧರ್ ಅವರ ಸಂಶೋಧನೆಯಿಂದ ಮೂರು ತಾಲೂಕಿನ ಮನೆಗಳು ಒಂದು ಸರಳ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ಯಾವ ಚಿಕಿತ್ಸೆಯ ಹೆಸರು ಬಂದರೂ, ಅದು ಕರೆಂಟಾಗಲಿ, ಹರಕೆಯಾಗಲಿ, ಪ್ರಾಣಾಯಾಮವಾಗಲಿ, "ಯಾವುದರ ಜೊತೆ ಹೋಲಿಸಿ ನೋಡ್ಯಾರ್ರಿ?" ಎಂದು ಕೇಳುವುದು. ದೇವರಿಗೆ ಹೋಗುವವರು ಹೋಗಲಿ, ಅದೇ ವಾರ ಆಸ್ಪತ್ರೆಗೂ ಹೋಗಲಿ. ಕೋಟದ ಜನ ಹಾಗೆಯೇ ಮಾಡುತ್ತಿದ್ದರು. ಊಟ, ಮಾತು, ನಿದ್ದೆ ಬಿಟ್ಟವರು ಮನೆಯಲ್ಲಿದ್ದರೆ, ಸಾಯುವ ಮಾತು ಆಡುತ್ತಿದ್ದರೆ, ಮಂಗಳವಾರದವರೆಗೂ ಕಾಯಬೇಕಿಲ್ಲ. 2022ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಧಾರವಾಡಕ್ಕೆ ಹೋಗಬೇಕಾಗಿ ಬಂದರೆ, ಆ ಮಾತನ್ನು ದನಿ ತಗ್ಗಿಸದೆ ಹೇಳಬಹುದು.